ಹೊಸ ಮಾಟದ ಕೈಪಿಡಿಗಳು: ಗುರುಗಳಿಗೊಂದು ವಿವೇಚನೆ

ವಿಕ್ಕಾ ಹಾಗೂ ಕೆಲ್ಟಿಕ್ ಶಾಮನ ಮಾರ್ಗವನ್ನು ಬೋಧಿಸುವ ಕೈಪಿಡಿಗಳು ತಮ್ಮ ವಿದ್ಯೆಯನ್ನು ಕ್ರೈಸ್ತಪೂರ್ವವೆಂದು ಹೇಳಿಕೊಳ್ಳುವುದುಂಟು. ಇತಿಹಾಸ ಹೇಳುವುದೇ ಬೇರೆ. ಇಂಗ್ಲೆಂಡಿನ ಮಾಟಗಾರಿಕೆಯ ಕಾಯ್ದೆ 1951ರಲ್ಲಿ ರದ್ದಾಯಿತು. 1954ರಲ್ಲಿ ಜೆರಾಲ್ಡ್ ಗಾರ್ಡ್ನರ್ ತನ್ನ ಗ್ರಂಥದ ಮೂಲಕ ಈ ಪಂಥವನ್ನು ಪ್ರಚುರಪಡಿಸಿದನು. ದೀಕ್ಷಿತರ ಗುಂಪಿಗೆ ಸೀಮಿತವಾಗಿದ್ದುದನ್ನು 1988ರಲ್ಲಿ ಸ್ಕಾಟ್ ಕನಿಂಗ್‌ಹ್ಯಾಮನ ಕೈಪಿಡಿ ಏಕಾಂಗಿ ಓದುಗನ ಕೈಗಿತ್ತಿತು. 'ಶಾಮನ' ಎಂಬ ಪದವಾದರೋ ಸೈಬೀರಿಯದ ತುಂಗುಸ್ ಜನರದು.

ವಿಕ್ಕಾ ಪಂಥದವರು ಸೈತಾನನನ್ನು ಆರಾಧಿಸುವುದಿಲ್ಲ. ಹಾಗೆಂದು ಆರೋಪಿಸುವುದು ಸುಳ್ಳುಸಾಕ್ಷಿಯಾದೀತು. ದೋಷವಿರುವುದು ಬೇರೆಡೆ. ಪ್ರಾರ್ಥನೆಯು ದೇವರ ಚಿತ್ತಕ್ಕೆ ಶರಣಾಗುತ್ತದೆ. ಮಂತ್ರವಿಧಿಯು ಅಗೋಚರ ಶಕ್ತಿಯನ್ನು ನಮ್ಮ ಚಿತ್ತಕ್ಕೆ ಬಗ್ಗಿಸಲೆಳಸುತ್ತದೆ. ಆರೋಗ್ಯಕ್ಕಾಗಿಯೇ ಆದರೂ ಅದು ಸಲ್ಲದೆಂದು ಕಥೋಲಿಕ ಧರ್ಮೋಪದೇಶ (2117) ಬೋಧಿಸುತ್ತದೆ.

ನಮ್ಮ ರಬಕವಿಯ ಕಡೆ 'ಮಾಟ' ಎಂಬುದು ಇಂದಿಗೂ ಭಯದ ಮಾತು; ಬಡ ವಿಧವೆಯೊಬ್ಬಳಿಗೆ ಆ ಹೆಸರು ಅಂಟಿದರೆ ಅಳಿಸುವುದು ಕಷ್ಟ. ಬೋಧನಾಪೀಠದಿಂದ ಅದನ್ನು ಎಚ್ಚರದಿಂದ ಬಳಸಬೇಕು. ಎಫೆಸದಲ್ಲಿ ಐವತ್ತು ಸಾವಿರ ಬೆಳ್ಳಿನಾಣ್ಯ ಬೆಲೆಯ ಮಂತ್ರಗ್ರಂಥಗಳನ್ನು ಸುಟ್ಟವರು (ಪ್ರೇ.ಕಾ. 19:19) ಅವುಗಳ ಒಡೆಯರೇ, ಅದೂ ವಿಶ್ವಾಸವಿಟ್ಟು ತಪ್ಪೊಪ್ಪಿಕೊಂಡ ಬಳಿಕ. ಇಂಥ ಪುಸ್ತಕ ಹಿಡಿದು ಬಂದ ಯುವಕನಿಂದ ಅದನ್ನು ಕಸಿದುಕೊಳ್ಳುವ ಮುನ್ನ, ಯಾವ ಭಯ, ಯಾವ ಹಸಿವು ಅವನನ್ನು ಅಲ್ಲಿಗೆ ಕರೆದೊಯ್ದಿತೆಂದು ಕೇಳೋಣ.