ನಿಮಗಿದು ಗೊತ್ತೇ? ಕುಡಿತ ಬಿಡಿಸುವವರು ಆದೋನಿಗೆ ಎಷ್ಟು ದೂರ?

ಆದೋನಿ, ಆಲೂರು ತಾಲ್ಲೂಕುಗಳು ಒಂದು ಕಾಲಕ್ಕೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಕರ್ನೂಲಿಗೆ ಸೇರಿದವು. ಜಿಲ್ಲೆ ಬದಲಾಯಿತು, ಮನೆಮಾತು ಬದಲಾಗಲಿಲ್ಲ. ಹೊಳಗುಂದ, ಕೌತಾಳಂ, ಕೋಸಿಗಿ, ಮಂತ್ರಾಲಯದ ಕಡೆ ಇವತ್ತಿಗೂ ಎಷ್ಟೋ ಮನೆಗಳಲ್ಲಿ ಒಳಗೆ ಕನ್ನಡ, ಕಚೇರಿಗೆ ಹೋದರೆ ತೆಲುಗು. ಜ್ವರಕ್ಕೆ ಯಾವ ಭಾಷೆಯ ಡಾಕ್ಟರಾದರೂ ನಡೆಯುತ್ತದೆ. ಕುಡಿತದ ಚಟಕ್ಕೆ ಹಾಗಲ್ಲ. ಅಲ್ಲಿ ಮಾತೇ ಅರ್ಧ ಮದ್ದು. ಹೆಂಡತಿಯ ಮುಂದೆಯೂ ಬಾಯಿಬಿಡದ ಸಂಗತಿಯನ್ನು ಮನುಷ್ಯ ಅವ್ವನ ಮಾತಿನಲ್ಲಷ್ಟೇ ಹೇಳಬಲ್ಲ.

ಮದ್ಯದ ಪ್ರಶ್ನೆ ಕರ್ನೂಲಿನಲ್ಲಿ ಒಂದು ಸರಕಾರವನ್ನೇ ಉರುಳಿಸಿದೆ. ಆಗ ಆಂಧ್ರದ ರಾಜಧಾನಿ ಕರ್ನೂಲು. 1954ರ ನವೆಂಬರಿನಲ್ಲಿ ಮುಖ್ಯಮಂತ್ರಿ ಟಂಗುಟೂರಿ ಪ್ರಕಾಶಂ ಅವರ ಸರಕಾರ ಪಾನನಿಷೇಧದ ವಿಷಯದಲ್ಲಿ ಒಂದೇ ಒಂದು ಮತದಿಂದ ಸೋತಿತು.

ಆಮೇಲೆ ಸಾರಾಯಿ ನಿಷೇಧ ಆಂಧ್ರದಲ್ಲಿ 1993ರಲ್ಲಿ, ಕರ್ನಾಟಕದಲ್ಲಿ 2007ರಲ್ಲಿ ಬಂತು. 1995ರಲ್ಲಿ ಆಂಧ್ರ ಪೂರ್ತಿ ಪಾನನಿಷೇಧವನ್ನೂ ತಂದು ಎರಡೇ ವರ್ಷದಲ್ಲಿ ಸಡಿಲಿಸಿತು. ಅಂಗಡಿ ಮುಚ್ಚಿಸಿದಷ್ಟು ಸುಲಭವಾಗಿ ಚಟ ಬಿಡಿಸಲಾಗದು ಎಂಬುದನ್ನು ಎರಡೂ ರಾಜ್ಯಗಳು ಕಂಡಿವೆ.

ಚಟಕ್ಕೆ ಬೇಕಾದದ್ದು ಚಿಕಿತ್ಸೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದ ಊರು ಯಾವುದು ಗೊತ್ತೇ? ನಮ್ಮ ಪಕ್ಕದ ಬಳ್ಳಾರಿ. 1980ರ ದಶಕದ ನಡುವಿನಿಂದ ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೇ ಮನೋರೋಗ ಚಿಕಿತ್ಸೆಯ ತರಬೇತಿ ಕೊಟ್ಟು ನೋಡಿದರು. ಅದು ನಡೆಯಿತು. ಅದೇ 'ಬಳ್ಳಾರಿ ಮಾದರಿ' 1996ರಲ್ಲಿ ರಾಷ್ಟ್ರೀಯ ಯೋಜನೆಯಾಯಿತು.

ಹಾಗಿದ್ದೂ ಚಿಕಿತ್ಸೆಯ ಕೊರತೆ ದೊಡ್ಡದು. ಕೇಂದ್ರ ಸರಕಾರಕ್ಕಾಗಿ ದಿಲ್ಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಮದ್ಯದ ತೊಂದರೆಗೆ ನೆರವು ಬೇಕಾದವರು ಸುಮಾರು 5.7 ಕೋಟಿ. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ಸಿಕ್ಕಿತ್ತು. ಉಳಿದ 37 ಮನೆಗಳಲ್ಲಿ ಹೆಂಡತಿ, ತಾಯಿ, ಮಕ್ಕಳೇ ನರ್ಸು, ಪೊಲೀಸು, ವಕೀಲರು ಎಲ್ಲವೂ ಆಗಿದ್ದಾರೆ.

ಯಾರ ಹತ್ತಿರ ಹೋಗಬೇಕು? ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮೇಲೆ ಎಂ.ಡಿ. ಅಥವಾ ಡಿ.ಪಿ.ಎಂ. ಓದಿದವರು. ಮಾತ್ರೆ ಬರೆಯುವ ಅಧಿಕಾರ ಅವರದು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಕೊಡುವವರು. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ. ಕೌನ್ಸೆಲರ್, ಅಂದರೆ ಆಪ್ತಸಮಾಲೋಚಕರು ಎಂಬ ಫಲಕ ಮಾತ್ರ ಎಂತೆಂಥವರ ಬಾಗಿಲಲ್ಲೂ ಕಾಣುತ್ತದೆ. ಏನು ಓದಿದ್ದೀರಿ, ಕುಡಿತದ ಎಷ್ಟು ಕೇಸು ನೋಡಿದ್ದೀರಿ, ಯಾವ ಮನೋವೈದ್ಯರ ಜೊತೆ ಕೆಲಸ ಮಾಡುತ್ತೀರಿ ಎಂದು ಮೂರು ಪ್ರಶ್ನೆ ಕೇಳಿ. ಸರಿಯಾದವರು ಬೇಸರಪಡುವುದಿಲ್ಲ.

ಮೊದಲು ಡಾಕ್ಟರು, ಆಮೇಲೆ ಮಾತು. ಈ ಕ್ರಮ ತಪ್ಪಿದರೆ ಜೀವಕ್ಕೇ ಕುತ್ತು. ದಿನಾ ಕುಡಿಯುವವರನ್ನು ಬೆಳಗಿನ ಹೊತ್ತು ನೋಡಿ. ಚಹಾದ ಲೋಟ ಹಿಡಿದರೆ ಬೆರಳು ನಡುಗಿ ಅರ್ಧ ಚಹಾ ಬಸಿಗೆ ಚೆಲ್ಲುತ್ತದೆ. ಎರಡೂ ಕೈಯಲ್ಲಿ ಲೋಟ ಹಿಡಿದು ತುಟಿಯನ್ನೇ ಲೋಟದ ಹತ್ತಿರ ಒಯ್ಯುತ್ತಾರೆ. ಒಂದು ಕ್ವಾರ್ಟರ್ ಒಳಗೆ ಹೋದರೆ ಕೈ ನಿಲ್ಲುತ್ತದೆ. ಅಂಥವರನ್ನು 'ಇವತ್ತಿಂದ ಒಂದು ಹನಿಯೂ ಇಲ್ಲ' ಎಂದು ಕೋಣೆಯಲ್ಲಿ ಕೂಡಿಹಾಕಿದರೆ ಮೊದಲ ಎರಡು ದಿನಗಳಲ್ಲೇ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಬಡಬಡಿಕೆ, ಗೋಡೆಯ ಮೇಲೆ ಹುಳ ಹರಿದಂತೆ ಕಾಣುವುದು, ಬೆವರು, ಜ್ವರ. ವೈದ್ಯರು ಇದನ್ನು ಡಿಲೀರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಮನೆಯವರು ಗಾಳಿ ಹಿಡಿಯಿತು ಎಂದು ಮಂತ್ರಿಸಲು ಒಯ್ಯುತ್ತಾರೆ. ಆ ಹೊತ್ತಿಗೆ ಒಯ್ಯಬೇಕಾದದ್ದು ದೊಡ್ಡ ಆಸ್ಪತ್ರೆಗೆ, 108 ಗಾಡಿಯಲ್ಲಿ.

ಊರಿನ ಆರ್.ಎಂ.ಪಿ. ಡಾಕ್ಟರು ಇಂಥವರಿಗೆ ಗ್ಲೂಕೋಸ್ ಬಾಟ್ಲಿ ಏರಿಸುವುದುಂಟು. ಬಹಳ ದಿನ ಕುಡಿದವರ ಮೈಯಲ್ಲಿ ಬಿ1 ಜೀವಸತ್ವ, ಅಂದರೆ ಥಯಾಮಿನ್, ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗಬಹುದು. ಬಾಟ್ಲಿ ನೇತುಹಾಕುವ ಮುಂಚೆ 'ಬಿ1 ಇಂಜೆಕ್ಷನ್ ಕೊಟ್ಟಿರಾ?' ಎಂದು ಕೇಳಿ.

ಸೇಂದಿಯನ್ನು ಎಲ್ಲರೂ ಹಗುರವೆಂದೇ ತಿಳಿಯುತ್ತಾರೆ. ರಾಯಚೂರು, ತೆಲಂಗಾಣದ ಕಡೆ ಸಿ.ಎಚ್. ಪೌಡರ್ ಎನ್ನುವ ಕ್ಲೋರಲ್ ಹೈಡ್ರೇಟ್, ಜೊತೆಗೆ ನಿದ್ದೆ ಮಾತ್ರೆಯ ಪುಡಿ ಬೆರೆಸಿದ ಸೇಂದಿ ಎಷ್ಟೋ ಸಲ ಸಿಕ್ಕಿಬಿದ್ದಿದೆ. ಅದನ್ನು ಥಟ್ಟನೆ ಬಿಟ್ಟರೂ ಫಿಟ್ಸ್ ಬರಬಹುದು. ಡಾಕ್ಟರ ಮುಂದೆ 'ಸೇಂದಿ ಮಾತ್ರ' ಎಂದು ಚಿಕ್ಕದು ಮಾಡಿ ಹೇಳಬೇಡಿ.

'ಗಂಡನಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ, ಕುಡಿತ ಬಿಡಿಸಿ.' ಇಂಥ ಜಾಹೀರಾತು ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಓದಿದ್ದೀರಾ? ಅಂಥ ಪುಡಿಗಳಲ್ಲಿ ಏನಿದೆಯೋ ಕೊಂಡವರಿಗೆ ತಿಳಿಯುವುದಿಲ್ಲ. ಡೈಸಲ್ಫಿರಾಂ ಎಂಬ ಮಾತ್ರೆ ನಿಜವಾಗಿಯೂ ಇದೆ. 1940ರ ದಶಕದಲ್ಲಿ ಡೆನ್ಮಾರ್ಕಿನ ಸಂಶೋಧಕರು ಅದರ ಗುಣ ಕಂಡುಕೊಂಡರು. ಅದನ್ನು ತೆಗೆದುಕೊಂಡ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿ.ಪಿ. ಕುಸಿಯುತ್ತದೆ. ರೋಗಿಗೆ ಹೇಳಿ, ಒಪ್ಪಿಸಿ, ಲಿವರ್ ಪರೀಕ್ಷೆ ಮಾಡಿಸಿ ಕೊಡುವ ಔಷಧ ಅದು. ಕದ್ದು ಕೊಟ್ಟರೆ ಪ್ರಾಣ ಹೋದೀತು. ಪ್ರಾಣ ಉಳಿದರೂ, ಹೆಂಡತಿ ಬಡಿಸಿದ ಅನ್ನದ ಮೇಲಿನ ನಂಬಿಕೆ ಉಳಿಯುವುದಿಲ್ಲ.

ಹಾಗಾದರೆ ಮಾತಿನ ಚಿಕಿತ್ಸೆ ಕೊಡುವ ಥೆರಪಿಸ್ಟ್ ಮಾಡುವುದೇನು? ಬುದ್ಧಿ ಹೇಳುವುದಿಲ್ಲ. ಬುದ್ಧಿ ಹೇಳುವವರು ಊರಲ್ಲಿ ಬೇಕಾದಷ್ಟಿದ್ದಾರೆ. ಅವರು ಕೇಳುತ್ತಾರೆ: ಎಷ್ಟು ಗಂಟೆಗೆ? ಎಲ್ಲಿ? ಯಾರ ಜೊತೆ? ಕೈಯಲ್ಲಿ ಎಷ್ಟು ದುಡ್ಡಿದ್ದಾಗ? ಆದೋನಿಯ ಹತ್ತಿ ಮಾರುಕಟ್ಟೆಯ ಹಮಾಲಿಯೊಬ್ಬರನ್ನೇ ಊಹಿಸಿಕೊಳ್ಳಿ. ದಿನವಿಡೀ ಅಂಡಿಗೆ ಹೊತ್ತು ಬೆನ್ನು ಉರಿಯುತ್ತಿದೆ, ಸಂಜೆ ಕೂಲಿ ಕೈಗೆ ಬಂತು, ಮನೆಯ ದಾರಿ ವೈನ್‌ಶಾಪಿನ ಮುಂದೆಯೇ. ಅಲ್ಲಿ ಗೆಳೆಯ ನಿಂತಿದ್ದಾನೆ. ಈ ನಾಲ್ಕು ಕೊಂಡಿಗಳಲ್ಲಿ ಯಾವುದನ್ನು ಮೊದಲು ಕಳಚಬಹುದು ಎಂದು ಇಬ್ಬರೂ ಕೂತು ಲೆಕ್ಕ ಹಾಕುವುದೇ ಚಿಕಿತ್ಸೆ. ಬೆನ್ನುನೋವಿಗೆ ಬೇರೆ ಔಷಧ, ಕೂಲಿ ನೇರ ಹೆಂಡತಿಯ ಕೈಗೆ, ಹಸಿವಾಗುವ ಮುಂಚೆ ಎರಡು ಮಿರ್ಚಿ ಮಂಡಕ್ಕಿ, ಮನೆಗೆ ಇನ್ನೊಂದು ದಾರಿ. ಕೇಳಲು ಸಣ್ಣದು. ವಾರಕ್ಕೊಮ್ಮೆ ಹೋಗಿ ಏನು ನಡೆಯಿತು, ಏನು ನಡೆಯಲಿಲ್ಲ ಎಂದು ಒಪ್ಪಿಸುತ್ತಾ ಹೋದರೆ ಸಣ್ಣದೇ ದೊಡ್ಡದಾಗುತ್ತದೆ.

ಕುಡಿಯಲೇಬೇಕೆಂಬ ಸೆಳೆತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಏರಿ, ಇಳಿಯುತ್ತದೆ. ಅಷ್ಟು ಹೊತ್ತು ತಳ್ಳುವುದನ್ನೂ ಕಲಿಸುತ್ತಾರೆ.

ಅಯ್ಯಪ್ಪ ಮಾಲೆ ಹಾಕಿದ 41 ದಿನ ನಮ್ಮ ಕಡೆ ಎಷ್ಟೋ ಗಂಡಸರು ಮದ್ಯ ಮುಟ್ಟುವುದಿಲ್ಲ. ಬೆಳಗಿನ ತಣ್ಣೀರು ಸ್ನಾನ, ದಿನಾ ಸಂಜೆ ಭಜನೆ, 'ಸ್ವಾಮಿ' ಎಂದು ಕರೆಯುವ ಜೊತೆಗಾರರು. ಸಂಜೆಯ ಆ ಎರಡು ಗಂಟೆ ತುಂಬಿರುವುದರಿಂದಲೇ ಬಿಡಲು ಆಗುತ್ತದೆ. ಮಾಲೆ ತೆಗೆದ ಮರುದಿನ ಆ ಎರಡು ಗಂಟೆ ಮತ್ತೆ ಖಾಲಿ. ಮಾಲೆ ಹಾಕುವ ಮುಂಚೆ ಒಮ್ಮೆ ಡಾಕ್ಟರನ್ನು, ಇಳಿಸುವ ವಾರ ಒಮ್ಮೆ ಆಪ್ತಸಮಾಲೋಚಕರನ್ನು ಕಂಡರೆ ಆ 41 ದಿನಗಳ ಗಳಿಕೆ ಕೈಬಿಟ್ಟು ಹೋಗದು.

ಕುಡಿಯುವವರು ಬರಲೊಪ್ಪದಿದ್ದರೂ ಮನೆಯವರು ಒಬ್ಬರೇ ಹೋಗಬಹುದು. ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು, ಸಾಲ ತೀರಿಸಿ ಕಾಪಾಡುವುದನ್ನು ಎಲ್ಲಿ ನಿಲ್ಲಿಸಬೇಕು ಎಂದು ಅವರಿಗೇ ಕಲಿಸುವ ಚಿಕಿತ್ಸೆ ಇದೆ.

ಗುಳೆ ಹೋಗುವುದು ನಮ್ಮ ಕಡೆಯ ಚಿಕಿತ್ಸೆಯ ದೊಡ್ಡ ಶತ್ರು. ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೊರಟರೆ ಮಾತ್ರೆ ತಪ್ಪುತ್ತದೆ, ಭೇಟಿ ತಪ್ಪುತ್ತದೆ. ಹೊರಡುವ ಮುಂಚೆ ಓ.ಪಿ. ಚೀಟಿ ಜೊತೆಗಿಟ್ಟುಕೊಳ್ಳಿ, ಫೋನಿನಲ್ಲಿ ಮಾತಾಡಬಹುದೇ ಎಂದು ಕೇಳಿಟ್ಟುಕೊಳ್ಳಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳಿಂದ ಬರುವ ಮಾನಸಿಕ ತೊಂದರೆಯನ್ನೂ ಕಾಯಿಲೆಯೆಂದೇ ಎಣಿಸುತ್ತದೆ. ಸರಪಳಿಯಲ್ಲಿ ಕಟ್ಟಿಹಾಕುವುದನ್ನು ಪೂರ್ತಿ ನಿಷೇಧಿಸಿದೆ. ರೋಗಿಗಳನ್ನು ಇಟ್ಟುಕೊಳ್ಳುವ ಕೇಂದ್ರಗಳು ನೋಂದಣಿ ಮಾಡಿಸಿಕೊಳ್ಳಲೇಬೇಕು. ಮನೆಯವರನ್ನು ಒಳಗೆ ಬಿಡದ, ಫೋನಿನಲ್ಲಿ ಮಾತಾಡಿಸದ, ಡಾಕ್ಟರ ಹೆಸರು ಹೇಳದ ಕೇಂದ್ರಕ್ಕೆ ಮುಂಗಡ ಕಟ್ಟಬೇಡಿ.

ಗಾಂಜಾ ಮುಂತಾದ ಮಾದಕವಸ್ತುಗಳ ಚಟವಿದ್ದು ಪೊಲೀಸರ ಭಯದಿಂದ ಹಿಂಜರಿಯುವವರಿಗೆ: 1985ರ ಎನ್.ಡಿ.ಪಿ.ಎಸ್. ಕಾಯ್ದೆಯ 64ಎ ಕಲಮು, ಸ್ವಂತ ಬಳಕೆಗಷ್ಟೇ ಸಂಬಂಧಿಸಿದ ಪ್ರಕರಣಗಳಲ್ಲಿ, ತಾವಾಗಿ ಚಿಕಿತ್ಸೆಗೆ ಬಂದವರಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ.

ಕುಡಿತ ಬಿಡಬಯಸುವವರೇ ಸೇರುವ ಸಂಘ ಆಲ್ಕೊಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದಲ್ಲಿ ಶುರುವಾದದ್ದು ಇಬ್ಬರು ಕುಡುಕರಿಂದ. ಅವರಲ್ಲೊಬ್ಬರು ಸ್ವತಃ ಸರ್ಜನ್. ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ. ನಮ್ಮವರಿಗೆ ಹೆಚ್ಚು ಪರಿಚಯ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು. ಶಿಬಿರ ಮುಗಿದ ಮೇಲೂ ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ಆ ಸೇರುವಿಕೆಯೇ ಅದರ ಜೀವಾಳ ಎಂದು ನನ್ನ ನಂಬಿಕೆ.

ದೂರದ ಲೆಕ್ಕ. ಆದೋನಿಯಿಂದ ಕರ್ನೂಲಿನ ಸರಕಾರಿ ಜನರಲ್ ಆಸ್ಪತ್ರೆಗೆ ಸುಮಾರು 100 ಕಿಲೋಮೀಟರ್. ಜನ ವಿಮ್ಸ್ ಅನ್ನುವ ಬಳ್ಳಾರಿಯ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಅದಕ್ಕಿಂತ ಹತ್ತಿರ, ಅಲ್ಲಿ ಕನ್ನಡ. ರಾಯಚೂರಿನ ರಿಮ್ಸ್‌ಗೆ ರೈಲಿದೆ. ಆಂಧ್ರದ ಹಳೆಯ ಸರಕಾರಿ ಮಾನಸಿಕ ಆಸ್ಪತ್ರೆ ಇರುವುದು ದೂರದ ವಿಶಾಖಪಟ್ಟಣದಲ್ಲಿ. ಬೆಂಗಳೂರಿನ ನಿಮ್ಹಾನ್ಸ್, ಅದರ ವ್ಯಸನ ಚಿಕಿತ್ಸಾ ಕೇಂದ್ರ, ವಿಶಾಖಪಟ್ಟಣದ ಸುಮಾರು ಅರ್ಧ ದಾರಿ. ಕರ್ನಾಟಕದ ಮದ್ಯದ ಟೆಟ್ರಾ ಪ್ಯಾಕೆಟ್ಟುಗಳು ಗಡಿ ದಾಟಿ ನಮ್ಮ ಹಳ್ಳಿಗಳಿಗೆ ಬಂದದ್ದನ್ನು ಎಲ್ಲರೂ ನೋಡಿದ್ದೇವೆ. ಚಿಕಿತ್ಸೆಗಾಗಿ ಅದೇ ಗಡಿ ದಾಟಲು ಯಾರ ಅಪ್ಪಣೆಯೂ ಬೇಕಿಲ್ಲ.

ಬಸ್ಸು ಹತ್ತುವ ಮುಂಚೆ ಒಂದು ಫೋನು ಮಾಡಿ. 14416, ಟೆಲಿ ಮಾನಸ್, 2022ರ ಅಕ್ಟೋಬರಿನಿಂದ ಇದೆ. ಹಗಲು ರಾತ್ರಿ, ಬಿಟ್ಟಿ. ಮಾದಕ ವ್ಯಸನಕ್ಕೆಂದೇ ಇನ್ನೊಂದು ಸಂಖ್ಯೆ 14446. ಗುಟ್ಕಾ, ಬೀಡಿ ಬಿಡುವವರಿಗೆ ಪ್ಯಾಕೆಟ್ಟಿನ ಮೇಲೆಯೇ ಅಚ್ಚಾದ 1800-11-2356. ಯಾವುದಕ್ಕೆ ಮಾಡಿದರೂ ಮೊದಲ ಮಾತು ಇದೇ ಇರಲಿ: 'ಕನ್ನಡದಲ್ಲಿ ಮಾತಾಡುವವರನ್ನು ಕೊಡಿ.'