ಎರೆನೆಲದ ಹಾದಿಗೆ ಎಂಥ ಕಾರು?

ಬಳ್ಳಾರಿಗೆ ಇರುವುದು ಎರಡೇ ಕಾಲ: ಬೇಸಿಗೆ ಮತ್ತು ಕಡುಬೇಸಿಗೆ. ಈ ಚಟಾಕಿ ಹಳೆಯದು. ಆದರೆ ಡಿಸೆಂಬರ್ ತಿಂಗಳ ನಸುಕಿನಲ್ಲಿ ಸಿರುಗುಪ್ಪದಿಂದ ಬಳ್ಳಾರಿಗೆ ಹೊರಟವರನ್ನು ಕೇಳಿ. ಇಲ್ಲಿಗೂ ಚಳಿಗಾಲ ಬರುತ್ತದೆ ಎನ್ನುತ್ತಾರೆ. ಹಿಮ ಬೀಳುವುದಿಲ್ಲ, ನಿಜ. ಬದಲಿಗೆ ಗದ್ದೆಗಳ ಮೇಲೆ ತೆಳು ಮಂಜು, ಅರ್ಧ ರಸ್ತೆಗೆ ಒಣಹಾಕಿದ ಭತ್ತ, ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರ್, ಆಮೆಯಂತೆ ತೆವಳುವ ಕಟಾವು ಯಂತ್ರ!

ಸುಗ್ಗಿ ಮುಗಿದು ಕೈಗೆ ನಾಲ್ಕು ಕಾಸು ಬಂದಾಗಲೇ ಮನೆಗೊಂದು ಕಾರು ಎಂಬ ಮಾತೂ ಏಳುತ್ತದೆ. 1994ರಲ್ಲಿ ಟಾಟಾ ಸುಮೊ ಬಂದಾಗ ಎತ್ತರದ ಗಾಡಿಯೆಂದರೆ ಹತ್ತು ಜನ ತುಂಬುವ ಗಾಡಿ ಎಂದೇ ಲೆಕ್ಕ. ಈಗ ಐದು ಜನರ ಸಣ್ಣ ಎಸ್‌ಯುವಿಗಳದ್ದೇ ದರ್ಬಾರು. ನೆಕ್ಸಾನ್, ಬ್ರೆಜಾ, ವೆನ್ಯೂ, ಸಾನೆಟ್, ಎಕ್ಸ್‌ಯುವಿ 3ಎಕ್ಸ್‌ಒ... ಯಾವುದನ್ನು ಆರಿಸುವುದು?

ನಾಲ್ಕು ಮೀಟರ್ ಗುಟ್ಟು

ಈ ಗಾಡಿಗಳೆಲ್ಲ ನಾಲ್ಕು ಮೀಟರ್ ಒಳಗೇ ಇರಲು ಕಾರಣ ತೆರಿಗೆ. ಉದ್ದ ನಾಲ್ಕು ಮೀಟರ್ ಮೀರದೆ, ಪೆಟ್ರೋಲ್ ಎಂಜಿನ್ 1200 ಸಿ.ಸಿ. ಅಥವಾ ಡೀಸೆಲ್ ಎಂಜಿನ್ 1500 ಸಿ.ಸಿ. ಮೀರದಿದ್ದರೆ, 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 18. ಮೀರಿದರೆ ಶೇ 40. ಬ್ರೆಜಾ ಉದ್ದದಲ್ಲಿ ಚಿಕ್ಕದೇ. ಆದರೆ ಅದರ ಪೆಟ್ರೋಲ್ ಎಂಜಿನ್ 1462 ಸಿ.ಸಿ. ಆದ್ದರಿಂದ ಅದು ದೊಡ್ಡವರ ಸಾಲಿಗೆ ಸೇರುತ್ತದೆ.

ಅಜ್ಜಿಯ ಮಂಡಿ, ಅಕ್ಕಿಯ ಮೂಟೆ

ಕಾರು ನೋಡಲು ಹೋಗುವಾಗ ಮಗನನ್ನಷ್ಟೇ ಅಲ್ಲ, ಅಜ್ಜಿಯನ್ನೂ ಕರೆದೊಯ್ಯಬೇಕು. ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನಕ್ಕೆ ಹೊರಟಾಗ ಮಂಡಿನೋವಿನ ಅಜ್ಜಿ ತಾನೇ ಹತ್ತಿ ಇಳಿಯಬಲ್ಲಳೇ? ಸೀಟು ಸೊಂಟದ ಮಟ್ಟಕ್ಕಿದ್ದರೆ ಸಲೀಸು. ಅದಕ್ಕಿಂತ ಎತ್ತರವಾದರೆ ಗುಡ್ಡ ಹತ್ತಿದಂತೆ. ಹಿಂದೆ ಮೂವರು ದೊಡ್ಡವರು ಕೂತು ಭುಜಕ್ಕೆ ಭುಜ ತಾಗುತ್ತದೆಯೇ ನೋಡಬೇಕು. 3ಎಕ್ಸ್‌ಒ 1,821 ಮಿ.ಮೀ., ಸಾನೆಟ್ 1,790 ಮಿ.ಮೀ. ಅಗಲ. ಹಾಳೆಯ ಮೇಲೆ ವ್ಯತ್ಯಾಸ ಮೂರು ಬೆರಳಿನಷ್ಟೂ ಇಲ್ಲ. ಆದರೆ 55 ಕಿ.ಮೀ. ಪ್ರಯಾಣದಲ್ಲಿ ನಡುವೆ ಕೂತವರಿಗೇ ಅದರ ಬೆಲೆ ಗೊತ್ತು!

ಬ್ರೆಜಾದ ಡಿಕ್ಕಿ 328 ಲೀಟರ್, ಹೊಸ ನೆಕ್ಸಾನ್‌ನದು 382. ಲೀಟರ್ ಲೆಕ್ಕ ನಂಬುವುದಕ್ಕಿಂತ ಮನೆಯ ಸೂಟ್‌ಕೇಸನ್ನೇ ಒಯ್ದು ಇಟ್ಟು ನೋಡುವುದು ಮೇಲು. ಅಕ್ಕಿ ಮೂಟೆ ಎತ್ತಿ ಹಾಕುವವರಿಗೆ ಡಿಕ್ಕಿಯ ಅಂಚು ತಗ್ಗಾಗಿರಬೇಕು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರಿದು. ಹಿಂದಿನ ಸೀಟಿಗೂ ಎ.ಸಿ. ಗಾಳಿ ತಲುಪಲೇಬೇಕು.

ಎತ್ತರವೊಂದೇ ಸಾಲದು

ನೆಲದಿಂದ 200 ಮಿ.ಮೀ. ಎತ್ತರವಿದ್ದರೆ ಗದ್ದೆಗೂ ಇಳಿಸಬಹುದೆಂಬ ಭ್ರಮೆ ಹಲವರಿಗಿದೆ. ಈ ಗಾಡಿಗಳಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಎರಡು ಚಕ್ರಗಳನ್ನಷ್ಟೇ. ಮಳೆಗೆ ನೆನೆದ ಎರೆಮಣ್ಣು ಟೈರಿನ ಗೀರುಗಳಲ್ಲಿ ಮೆತ್ತಿಕೊಂಡರೆ ಎಸ್‌ಯುವಿಯೂ ಒಂದೇ, ಸಣ್ಣ ಕಾರೂ ಒಂದೇ. ಕೊನೆಗೆ ಟ್ರ್ಯಾಕ್ಟರ್‌ನವನನ್ನೇ ಕರೆಯಬೇಕು.

ಎಂಜಿನ್ ವಿಷಯಕ್ಕೂ ಲೆಕ್ಕಾಚಾರ ಬೇಕು. ವಾರಕ್ಕೆ ನಾಲ್ಕು ಸಲ ಸಿರುಗುಪ್ಪ–ಬಳ್ಳಾರಿ ಓಡಾಡುವವರಿಗೆ ಡೀಸೆಲ್ ಸರಿ. ಬಳ್ಳಾರಿ ನಗರದೊಳಗೇ ಶಾಲೆ, ಮಾರುಕಟ್ಟೆ ಎಂದು ಸುತ್ತುವವರಿಗೆ ಪೆಟ್ರೋಲೇ ಲೇಸು. ಹೊಸ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಸೋಸುಕ ಇರುತ್ತದೆ. ಅಲ್ಲಿನ ಮಸಿ ಸುಟ್ಟುಹೋಗಲು ಗಾಡಿ ಒಂದಿಷ್ಟು ದೂರ ಒಂದೇ ಓಟದಲ್ಲಿ ಓಡಬೇಕು. ಕುಂಟುತ್ತಾ ಓಡಿದರೆ ಅದು ಕಟ್ಟಿಕೊಳ್ಳುತ್ತದೆ.

ಸುಗ್ಗಿಯ ಇರುಳು

ಗಂಟೆಗೆ 80 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಎದುರಿನ ಟ್ರೈಲರ್ ಕಂಡು ಬ್ರೇಕ್ ಮೇಲೆ ಕಾಲಿಡುವ ಹೊತ್ತಿಗೇ ಸುಮಾರು 30 ಮೀಟರ್ ಹೋಗಿರುತ್ತದೆ. ಗಾಡಿ ನಿಲ್ಲಲು ಇನ್ನೂ ಅಷ್ಟು ದೂರ ಬೇಕು. ರಸ್ತೆಯಲ್ಲಿ ಭತ್ತದ ಕಾಳು ಹರಡಿದ್ದರೆ ಅದಕ್ಕೂ ಹೆಚ್ಚು. ತಗ್ಗಿಸಿದ ದೀಪದಲ್ಲಿ ಅಷ್ಟು ದೂರ ಕಾಣುವುದೇ ಇಲ್ಲ.

ಆದ್ದರಿಂದ ಕಾರನ್ನು ಕತ್ತಲಾದ ಮೇಲೂ ಓಡಿಸಿ ನೋಡಬೇಕು. ದೀಪ ರಸ್ತೆಯ ಅಂಚಿನವರೆಗೆ ಹರಡುತ್ತದೆಯೇ? ಆರು ಏರ್‌ಬ್ಯಾಗ್, ಜಾರಿದಾಗ ಗಾಡಿಯನ್ನು ಹದಕ್ಕೆ ತರುವ ಇಎಸ್‌ಸಿ, ಹಿಂಬದಿ ಗಾಜಿನ ವೈಪರ್ ಇವೆಯೇ? 2023ರಲ್ಲಿ ಆರಂಭವಾದ ಭಾರತ್ ಎನ್‌ಸಿಎಪಿ ಪರೀಕ್ಷೆಯಲ್ಲಿ ಎಷ್ಟು ನಕ್ಷತ್ರ ಬಂದಿವೆ? ಇವೆಲ್ಲ ಸನ್‌ರೂಫ್‌ಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು. ಬಳ್ಳಾರಿಯ ಬಿಸಿಲಿಗೆ ಮಾಡು ತೆರೆದು ಕೂರುವವರಾದರೂ ಯಾರು?

ನಸುಕಿನಲ್ಲಿ ಗಾಜು ಒಳಗಿನಿಂದ ಮಬ್ಬಾದರೆ ಬಟ್ಟೆಯಿಂದ ಒರೆಸುತ್ತಾ ಓಡಿಸುವುದು ಅಪಾಯ. ಎ.ಸಿ. ಹಾಕಿ ಗಾಳಿಯನ್ನು ಗಾಜಿನತ್ತ ತಿರುಗಿಸಿದರೆ ಕ್ಷಣದಲ್ಲಿ ತಿಳಿಯಾಗುತ್ತದೆ. ಮಂಜಿನಲ್ಲಿ ದೀಪ ತಗ್ಗಿಸಿರಲಿ. ಎತ್ತರಿಸಿದರೆ ಬೆಳಕು ಕಣ್ಣಿಗೇ ತಿರುಗಿ ಹೊಡೆಯುತ್ತದೆ.

ಇಷ್ಟೆಲ್ಲ ನೋಡಿ ಕಾರು ತಂದವರೂ ಒಂದು ಕೆಲಸ ಮರೆಯಬಾರದು. ಮನೆಯ ಟ್ರ್ಯಾಕ್ಟರ್‌ನ ಟ್ರೈಲರ್‌ಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸುವುದು. ಖರ್ಚು ಅಲ್ಪ. ಉಳಿಯುವುದು ಇನ್ನೊಬ್ಬರ ಮನೆಯ ದೀಪ.