ಆಜ್ಞೆ ನಿಂತಲ್ಲಿಯೇ, ಮಗು ಬೆಳೆಯುತ್ತಿದೆ

ನ್ಯಾಯಾಲಯದ ಆಜ್ಞೆ ಕೈಸೇರಿತೆಂದರೆ ವ್ಯಾಜ್ಯ ಮುಗಿಯಿತೆಂದು ಭಾವಿಸುವುದು ಲೋಕರೂಢಿ. ಹೊಲದ ಬದುವಿನ ತಂಟೆಗೆ ಈ ಮಾತು ಸಲ್ಲಬಹುದು. ಒಮ್ಮೆ ನೆಟ್ಟ ಕಲ್ಲು ನೆಟ್ಟಲ್ಲಿಯೇ ಇರುತ್ತದೆ. ತಂದೆತಾಯಿಯರು ಅಗಲಿದ ಮೇಲೆ ಮಗು ಯಾರ ಬಳಿ ಇರಬೇಕು, ಅದರ ಅನ್ನವಸ್ತ್ರಗಳಿಗೆ ಎಷ್ಟು ಸಲ್ಲಬೇಕು ಎಂಬ ಆಜ್ಞೆಯ ಸಂಗತಿಯೇ ಬೇರೆ.

ಗುಂಡ್ಲುಪೇಟೆಯ ಸೀಮೆಯಲ್ಲಿ ಒಬ್ಬ ತಾಯಿಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಮಗಳಿಗೆ ನಾಲ್ಕು ತುಂಬಿದಾಗ ತಿಂಗಳಿಗೆ 3,000 ರೂಪಾಯಿ ಜೀವನಾಂಶವೆಂದು ಗೊತ್ತಾಯಿತು. ಹುಡುಗಿಗೆ ಈಗ ಹನ್ನೊಂದು; ಶಾಲೆ ದೂರವಾಗಿದೆ, ಬಸ್ಸಿನ ಖರ್ಚು, ಪುಸ್ತಕದ ಖರ್ಚು ಏರಿವೆ. ಅತ್ತ ತಂದೆಯ ಖುಷ್ಕಿ ಜಮೀನಿಗೆ ಕೊಳವೆಬಾವಿ ಬಂದು ಅರಿಶಿನ, ಬಾಳೆ ಬೆಳೆಯುತ್ತಿವೆ. ಮೊತ್ತ ಮಾತ್ರ ಅದೇ 3,000. ಇಂಥವಳು ಹಣೆಬರಹವೆಂದು ಸುಮ್ಮನಿರಬೇಕಾಗಿಲ್ಲ. ಪರಿಸ್ಥಿತಿ ಬದಲಾದರೆ ಮೊತ್ತವನ್ನೂ ಬದಲಿಸುವ ಅಧಿಕಾರವನ್ನು ಕಾನೂನು ನ್ಯಾಯಾಧೀಶರಿಗೆ ಕೊಟ್ಟಿದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 127ನೆಯ ವಿಧಿಯಲ್ಲಿದ್ದ ಈ ಅವಕಾಶ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 146ನೆಯ ವಿಧಿಯಲ್ಲಿದೆ. ಬೆಳೆ ಕೈಕೊಟ್ಟ ತಂದೆಯೂ ಇದೇ ವಿಧಿಯನ್ನು ಹಿಡಿದು ಮೊತ್ತ ಇಳಿಸಿರೆಂದು ಕೇಳಬಹುದೆಂಬುದು ನೆನಪಿರಲಿ.

1955ರಲ್ಲಿ ಗೊತ್ತುಮಾಡಿದ ತಿಂಗಳಿಗೆ 500 ರೂಪಾಯಿಯ ಮಿತಿಯು 2001ರವರೆಗೂ ಕದಲಲಿಲ್ಲ. ಅಕ್ಕಿಯ ಬೆಲೆ ಎಷ್ಟು ಪಟ್ಟು ಏರಿದರೂ ಕಾನೂನಿಗೆ ಅರಿವಾಗದೆ ಹೋದ ಆ ನಲವತ್ತಾರು ವರ್ಷಗಳು ಶಾಸನಕರ್ತರಿಗೆ ಶೋಭೆ ತರುವಂಥವಲ್ಲ. ಈಗ ಮಿತಿಯಿಲ್ಲ, ಆದಾಯವನ್ನು ತೋರಿಸಿಕೊಡುವುದೇ ಕಷ್ಟ. ನೌಕರನಿಗೆ ಸಂಬಳದ ಚೀಟಿ ಉಂಟು, ಬೇಸಾಯಗಾರನಿಗೆ ಏನುಂಟು? ಈ ತೊಡಕನ್ನು ಅರಿತೇ ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ರಜನೀಶ್ ಮತ್ತು ನೇಹಾ ಅವರ ಪ್ರಕರಣದಲ್ಲಿ, ಉಭಯಪಕ್ಷದವರೂ ಆಸ್ತಿ-ಸಾಲಗಳ ವಿವರವನ್ನು ಪ್ರಮಾಣಪೂರ್ವಕವಾಗಿ ಸಲ್ಲಿಸಬೇಕೆಂದು ವಿಧಿಸಿತು. ಬೇಸಾಯಗಾರರಿಗೆಂದೇ ಬೇರೊಂದು ನಮೂನೆಯನ್ನೂ ಲಗತ್ತಿಸಿತು: ಜಮೀನೆಷ್ಟು, ತರಿಯೋ ಖುಷ್ಕಿಯೋ, ಬೆಳೆ ಯಾವುದು, ದನಕರುಗಳೆಷ್ಟು, ಸಾಲವೆಷ್ಟು. ಚಾಮರಾಜನಗರದಂಥ ಜಿಲ್ಲೆಗೆ ಈ ಒಂದು ಕಾಗದ ಹತ್ತು ಸಾಕ್ಷಿಗಳಿಗೆ ಸಮ.

ಮಗುವಿನ ಸುಪರ್ದಿನ ಮಾತು ಇದಕ್ಕಿಂತ ಸೂಕ್ಷ್ಮವಾದುದು. ಮದರಾಸಿನಿಂದ ಬಂದ ರೋಸಿ ಜೇಕಬ್ ಪ್ರಕರಣದಲ್ಲಿ, ಮಕ್ಕಳು ತಂದೆತಾಯಿಯರ ಸೊತ್ತೂ ಅಲ್ಲ, ಆಟದ ವಸ್ತುಗಳೂ ಅಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1973ರಲ್ಲಿಯೇ ಸಾರಿತು. ಸುಪರ್ದಿನ ಆಜ್ಞೆಯನ್ನು ಮಗುವಿನ ಹಿತಕ್ಕಾಗಿ ಮತ್ತೆ ತಿದ್ದಬಹುದೆಂದೂ ಹೇಳಿತು. 1956ರ ಹಿಂದೂ ಅಪ್ರಾಪ್ತವಯಸ್ಕತೆಯ ಕಾಯಿದೆಯಂತೆ ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದು. ಐದು ತುಂಬಿದೊಡನೆ ಮಗು ತನ್ನದಾಯಿತೆಂದು ತಂದೆ ಗಾಡಿ ಕಟ್ಟಿಸಿಕೊಂಡು ಬರುವಂತಿಲ್ಲ. ಬದಲಾವಣೆ ಕೋರುವವರು ತಮ್ಮ ಹಕ್ಕನ್ನಲ್ಲ, ಮಗುವಿಗಾಗುವ ಲಾಭವನ್ನು ತೋರಿಸಬೇಕು. ಆರೈಕೆ ತಪ್ಪಿದೆಯೆ? ಶಾಲೆ ಬಿಡಿಸಿದ್ದಾರೆಯೆ? ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ನ್ಯಾಯಾಧೀಶರು ಕೇಳಬಹುದು. ಆ ಇಷ್ಟವನ್ನು ಹಿರಿಯರು ಬಾಯಿಪಾಠ ಮಾಡಿಸಿದ್ದಾದರೆ ಬಹುಮಟ್ಟಿಗೆ ಬಯಲಾಗುತ್ತದೆ.

ಎಲ್ಲಿಗೆ ಹೋಗಬೇಕು? ಕುಟುಂಬ ನ್ಯಾಯಾಲಯವಿದ್ದಲ್ಲಿ ಎರಡೂ ಅರ್ಜಿಗಳು ಅಲ್ಲಿಗೇ. ಇಲ್ಲದೆಡೆ ಜೀವನಾಂಶಕ್ಕೆ ಮ್ಯಾಜಿಸ್ಟ್ರೇಟರು, ಸುಪರ್ದಿಗೆ ಜಿಲ್ಲಾ ನ್ಯಾಯಾಲಯ. 1890ರ ಪಾಲಕರ ಕಾಯಿದೆಯಂತೆ ಮಗು ವಾಡಿಕೆಯಾಗಿ ಎಲ್ಲಿ ವಾಸಿಸುತ್ತದೋ ಅಲ್ಲಿನ ನ್ಯಾಯಾಲಯಕ್ಕೇ ಅಧಿಕಾರ. ಗುಂಡ್ಲುಪೇಟೆ ಎರಡು ರಾಜ್ಯಗಳ ಗಡಿಗೆ ಅಂಟಿದ ತಾಲ್ಲೂಕು. ತಂದೆ ವಯನಾಡಿಗೋ ಗೂಡಲೂರಿಗೋ ಹೋಗಿ ನೆಲೆಸಿದರೂ ಮಗು ಇಲ್ಲಿದ್ದರೆ ಸುಪರ್ದಿನ ವ್ಯಾಜ್ಯ ಇಲ್ಲಿಯದೇ. 1997ರಲ್ಲಿ ಚಾಮರಾಜನಗರವು ಮೈಸೂರಿನಿಂದ ಬೇರ್ಪಟ್ಟು ಜಿಲ್ಲೆಯಾದುದರಿಂದ ಇಂಥವರ ಪ್ರಯಾಣವೂ ತಗ್ಗಿತೆನ್ನಬಹುದು. ವಕೀಲರ ಶುಲ್ಕಕ್ಕೆ ಅಂಜಬೇಕಾಗಿಲ್ಲ. ಹೆಂಗಸರಿಗೂ ಮಕ್ಕಳಿಗೂ ಆದಾಯವನ್ನು ನೋಡದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾಯಿದೆ ಹೇಳುತ್ತದೆ.

ಹಣ ಬರಲಿಲ್ಲವೆಂದು ಮಗುವನ್ನು ತಂದೆಯ ಕಣ್ಣಿಗೆ ಬೀಳದಂತೆ ಬಚ್ಚಿಡುವುದು, ಮಗುವನ್ನು ತೋರಿಸಲಿಲ್ಲವೆಂದು ತಂದೆ ಹಣ ನಿಲ್ಲಿಸುವುದು ಹಳ್ಳಿಗಳಲ್ಲಿಯೂ ಪಟ್ಟಣಗಳಲ್ಲಿಯೂ ಕಾಣುವ ದುರಭ್ಯಾಸ. ಎರಡೂ ಬೇರೆ ಬೇರೆ ಆಜ್ಞೆಗಳು. ಒಂದರ ಭಂಗಕ್ಕೆ ಇನ್ನೊಂದರ ಭಂಗ ಮದ್ದಲ್ಲ. ಬಾಕಿ ನಿಂತರೆ ವಸೂಲಿಗೆ ವಾರಂಟು ಕೇಳಬಹುದು. ಆದರೆ ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಿಕೊಳ್ಳದಿದ್ದರೆ ಆ ಬಾಕಿಗೆ ವಾರಂಟು ಹೊರಡುವುದಿಲ್ಲ.